ಸಾವಿರ ಗಿನಿಯ ಮುಖಗಳು

ಲಂಡನ್ನಿನ ಕೆನ್ಸಿಂಗ್ಟನ್ ಭಾಗದಲ್ಲಿ ಪ್ಯಾಲೆಸ್ ಗೇಟ್ ಎಂಬ ಬೀದಿಯಿದೆ. ಅಲ್ಲಿನ ಎರಡನೇ ನಂಬರಿನ ಕಟ್ಟಡದಲ್ಲಿ ಈಗ ಜಾಂಬಿಯಾ ದೇಶದ ಹೈಕಮಿಷನ್ ಕಚೇರಿ. ಆ ಗತ್ತಿಗೆ ತಕ್ಕ ಕಟ್ಟಡವೇ. ಆದರೆ 1870ರ ದಶಕದಲ್ಲಿ ಅದನ್ನು ಕಟ್ಟಿಸಿದವನು ಲಾರ್ಡ್ ಅಲ್ಲ, ಗಿರಣಿ ಮಾಲೀಕನೂ ಅಲ್ಲ. ಜಾನ್ ಎವರೆಟ್ ಮಿಲೇ ಎಂಬ ಚಿತ್ರಕಾರ. ಒಳಗೆ ಕಾಲಿಟ್ಟರೆ ಅಮೃತಶಿಲೆಯ ಹಜಾರ, ಕಂಬಗಳು, ಅಗಲದ ಮೆಟ್ಟಿಲು, ಕಪ್ಪು ಕಲ್ಲಿನ ಸೀಲ್ ಪ್ರಾಣಿಯನ್ನು ಕೂರಿಸಿದ ಕಾರಂಜಿ. 1877ರಲ್ಲಿ ತನ್ನ ಚಿತ್ರ ಬರೆಸಿಕೊಳ್ಳಲು ಬಂದ ಚರಿತ್ರಕಾರ ಥಾಮಸ್ ಕಾರ್ಲೈಲ್ ಅದನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿ, ಇದಿಷ್ಟೂ ಬಣ್ಣ ಬಳಿದು ಗಳಿಸಿದ್ದೇ ಎಂದು ಕೇಳಿದನಂತೆ. ಹೌದೆಂದ ಮಿಲೇ. ಹಾಗಿದ್ದರೆ ಲೋಕದಲ್ಲಿ ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚು ಮೂರ್ಖರಿದ್ದಾರೆ ಎಂದನಂತೆ ಎಂಬತ್ತು ದಾಟಿದ ಆ ಮುದುಕ. ಈ ಪ್ರಸಂಗವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಕಾರ್ಲೈಲನ ಬಾಯಿ ಬಲ್ಲವರು ನಂಬದೇ ಇರುವಂಥದ್ದೇನೂ ಅದರಲ್ಲಿಲ್ಲ.

ಕಲೆಯ ಚರಿತ್ರೆ ಬರೆಯುವವರು ಮಿಲೇಯನ್ನು ಎರಡು ತುಂಡು ಮಾಡಿ ಇಟ್ಟಿದ್ದಾರೆ. ಇಪ್ಪತ್ತರ ಹರೆಯದಲ್ಲಿ ಬಂಡಾಯ ಹೂಡಿದ ಮಿಲೇಗೆ ಹೊಗಳಿಕೆ. ನಲವತ್ತು ದಾಟಿದ ಮೇಲೆ ದುಡ್ಡಿದ್ದವರ ಮುಖ ಬರೆದ ಮಿಲೇಗೆ ಮೂಗು ಮುರಿತ. ಸಂಸಾರ ಕಟ್ಟಿಕೊಂಡು ಕಲೆ ಕೆಡಿಸಿಕೊಂಡ ಎಂಬ ಈ ತೀರ್ಪಿನಲ್ಲಿ ಹೆಂಡತಿಗೂ ಒಂದು ಪಾಲು ದೂರು ಸೇರಿಕೊಂಡಿರುತ್ತದೆ. ನನಗಂತೂ ಆ ಎರಡನೇ ತುಂಡೇ ಹೆಚ್ಚು ಕುತೂಹಲದ್ದು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಯಾರು ಯಾರ ಮನೆಗೆ ಹೋಗಬಹುದಿತ್ತು, ಯಾರು ಹೋಗುವ ಹಾಗಿರಲಿಲ್ಲ, ಯಾವ ಮರ್ಯಾದೆಗೆ ಎಷ್ಟು ಬೆಲೆ ಎನ್ನುವುದೆಲ್ಲ ಈ ಒಬ್ಬನ ದುಡಿಮೆಯಲ್ಲಿ ಕಾಣಿಸುತ್ತದೆ.

ಮಿಲೇ ಹುಟ್ಟಿದ್ದು 1829ರ ಜೂನ್ 8ರಂದು, ಸೌತಾಂಪ್ಟನ್ನಿನಲ್ಲಿ. ಮನೆತನದ ಮೂಲ ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪ. ಹುಡುಗನ ಕೈ ನೋಡಿ ಬೆರಗಾದ ತಂದೆತಾಯಿ ಅವನಿಗಾಗಿಯೇ ಲಂಡನ್ನಿಗೆ ಬಂದು ನೆಲೆಸಿದರು. ಹನ್ನೊಂದನೇ ವಯಸ್ಸಿಗೆ ರಾಯಲ್ ಅಕಾಡೆಮಿಯ ಶಾಲೆಗೆ ಸೇರಿದ. ಅಷ್ಟು ಚಿಕ್ಕವನನ್ನು ಅಕಾಡೆಮಿ ಹಿಂದೆ ಸೇರಿಸಿಕೊಂಡಿರಲಿಲ್ಲ, ಮುಂದೆಯೂ ಇಲ್ಲ. 1848ರಲ್ಲಿ ಗೋವರ್ ಸ್ಟ್ರೀಟಿನ ಅವನ ಮನೆಯಲ್ಲೇ ಹೋಲ್ಮನ್ ಹಂಟ್, ರೊಸೆಟ್ಟಿ ಮುಂತಾದ ಗೆಳೆಯರು ಸೇರಿ ಪ್ರಿ-ರಫಾಯಲೈಟ್ ಬಳಗ ಕಟ್ಟಿದರು. ಇಟಲಿಯ ಹಳೆಯ ಚಿತ್ರಕಾರ ರಫಾಯಲ್‌ನನ್ನು ನಕಲು ಮಾಡುತ್ತ ಕೂರುವುದು ಸಾಕು, ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆಯೋಣ ಎಂಬುದು ಅವರ ಹಟ. ಎರಡು ವರ್ಷ ಕಳೆದು ಮಿಲೇ ಬಾಲಯೇಸುವನ್ನು ಬಡಗಿಯ ಕೊಟ್ಟಿಗೆಯಲ್ಲಿ, ನೆಲದ ತುಂಬ ಮರದ ಹೊಟ್ಟಿರುವಂತೆ ಬರೆದಾಗ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತನ್ನ ವಾರಪತ್ರಿಕೆಯಲ್ಲಿ ಅದರ ಮೇಲೆ ಮುಗಿಬಿದ್ದ. ಚಿತ್ರದಲ್ಲಿರುವ ಮೇರಿ ಎಷ್ಟು ಕುರೂಪಿಯೆಂದರೆ ಅತ್ಯಂತ ಕೀಳು ಹೆಂಡದಂಗಡಿಯಲ್ಲೂ ಎದ್ದು ಕಾಣುತ್ತಾಳೆ ಎಂಬರ್ಥದಲ್ಲಿ ಬರೆದ. ಗಲಾಟೆ ಎಷ್ಟಾಯಿತೆಂದರೆ ವಿಕ್ಟೋರಿಯಾ ರಾಣಿ ಆ ಚಿತ್ರವನ್ನು ತನ್ನಲ್ಲಿಗೇ ತರಿಸಿಕೊಂಡು ನೋಡಿದಳು.

ಆ ದಿನಗಳಲ್ಲಿ ಅವನು ಹೇಗೆ ಕೆಲಸ ಮಾಡುತ್ತಿದ್ದ ಎನ್ನುವುದಕ್ಕೆ, ಶೇಕ್ಸ್‌ಪಿಯರನ ನಾಟಕದಲ್ಲಿ ಹೊಳೆಗೆ ಬಿದ್ದು ಸಾಯುವ ತರುಣಿಯನ್ನು ಬರೆದ 'ಒಫೀಲಿಯಾ' ಒಂದನ್ನು ನೋಡಿದರೆ ಸಾಕು. 1851ರಲ್ಲಿ ಸರ್ರೆಯ ಹಾಗ್ಸ್‌ಮಿಲ್ ಎಂಬ ಸಣ್ಣ ಹೊಳೆಯ ದಂಡೆಯಲ್ಲಿ ಕೂತು, ದಿನಕ್ಕೆ ಹನ್ನೊಂದು ಗಂಟೆ, ವಾರಕ್ಕೆ ಆರು ದಿನದಂತೆ ಸುಮಾರು ಐದು ತಿಂಗಳು ಹಿನ್ನೆಲೆಯನ್ನಷ್ಟೇ ಬರೆದ. ನೊಣಗಳ ಕಾಟ, ಹುಲ್ಲು ತುಳಿದು ಹಾಳುಮಾಡಿದೆಯೆಂದು ಜಮೀನಿನವರ ಬೆದರಿಕೆ, ಪಕ್ಕದ ಹೊಲದ ಗೂಳಿಯ ಭಯ, ಎಲ್ಲವನ್ನೂ ಪತ್ರದಲ್ಲಿ ತೋಡಿಕೊಂಡಿದ್ದಾನೆ. ಚಳಿಗಾಲಕ್ಕೆ ಲಂಡನ್ನಿಗೆ ಮರಳಿ, ಎಲಿಜಬೆತ್ ಸಿಡಲ್ ಎಂಬ ತರುಣಿಯನ್ನು ನೀರು ತುಂಬಿದ ಸ್ನಾನದ ತೊಟ್ಟಿಯಲ್ಲಿ ಮಲಗಿಸಿ ಆಕೃತಿ ಬರೆದ. ನೀರು ಬೆಚ್ಚಗಿರಲೆಂದು ತೊಟ್ಟಿಯ ಕೆಳಗಿಟ್ಟ ದೀಪಗಳು ಒಂದು ದಿನ ಆರಿಹೋದವು. ಕುಂಚ ಹಿಡಿದವನಿಗೆ ಗೊತ್ತಾಗಲಿಲ್ಲ, ತೊಟ್ಟಿಯಲ್ಲಿದ್ದವಳು ಬಾಯಿ ಬಿಡಲಿಲ್ಲ. ಹುಡುಗಿ ಕಾಯಿಲೆ ಬಿದ್ದಳು. ಅವಳ ತಂದೆ ವೈದ್ಯರ ಖರ್ಚಿಗೆ 50 ಪೌಂಡ್ ಕೊಡದಿದ್ದರೆ ನ್ಯಾಯಾಲಯಕ್ಕೆ ಹೋಗುತ್ತೇನೆಂದು ಕೂತ. ಇಷ್ಟೆಲ್ಲ ಪಾಡು ಪಟ್ಟ ಚಿತ್ರ ಮಾರಾಟವಾದದ್ದು 300 ಗಿನಿಗೆ.

ಬಳಗದ ಪರವಾಗಿ ಪತ್ರಿಕೆಗೆ ಬರೆದು ಅವರನ್ನು ಎತ್ತಿ ಹಿಡಿದವನು ಜಾನ್ ರಸ್ಕಿನ್, ಆ ಕಾಲದ ಅತಿ ಪ್ರಭಾವಿ ಕಲಾ ವಿಮರ್ಶಕ. ಅವನ ಹೆಂಡತಿ ಎಫಿ, ಸ್ಕಾಟ್ಲೆಂಡಿನ ಪರ್ತ್ ಊರಿನವಳು. 1848ರಲ್ಲಿ ಮದುವೆಯಾಗಿತ್ತು, ಮದುವೆ ಹೆಸರಿಗಷ್ಟೇ ಆಗಿತ್ತು. 1853ರಲ್ಲಿ ಮಿಲೇ ಸೆರೆಯಾಳು ಗಂಡನನ್ನು ಬಿಡಿಸಿಕೊಳ್ಳಲು ಆದೇಶಪತ್ರ ಹಿಡಿದು ಬಂದ ಹೆಣ್ಣೊಬ್ಬಳ ಚಿತ್ರ ಬರೆದಾಗ ಅವಳ ಮುಖಕ್ಕೆ ಎಫಿಯನ್ನೇ ಕೂರಿಸಿಕೊಂಡ. ಪ್ರದರ್ಶನದಲ್ಲಿ ಅದರ ಮುಂದೆ ನೆರೆದ ಜನರನ್ನು ಸರಿಸಲು ಪೊಲೀಸನೊಬ್ಬನನ್ನು ನಿಲ್ಲಿಸಬೇಕಾಯಿತು. ಅದೇ ಬೇಸಿಗೆಯಲ್ಲಿ ರಸ್ಕಿನ್ ದಂಪತಿ ಮಿಲೇಯನ್ನು ಸ್ಕಾಟ್ಲೆಂಡಿನ ಗ್ಲೆನ್‌ಫಿನ್ಲಾಸ್ ಕಣಿವೆಗೆ ಕರೆದೊಯ್ದರು. ಬಂಡೆಗಳ ನಡುವೆ ಧುಮುಕುವ ತೊರೆಯ ಪಕ್ಕ ರಸ್ಕಿನ್ ನಿಂತಿರುವ ಭಾವಚಿತ್ರ ಬರೆಯುವುದು ಉದ್ದೇಶ. ಮಳೆಯೋ ಮಳೆ. ಇಕ್ಕಟ್ಟಿನ ಗುಡಿಸಲು ಮನೆ. ಗಂಡ ತನ್ನ ಪುಸ್ತಕದಲ್ಲಿ ಮುಳುಗಿದ್ದ. ಹೆಂಡತಿ ಚಿತ್ರಕಾರನ ಕೂದಲು ಕತ್ತರಿಸುತ್ತ, ಜಜ್ಜಿದ ಅವನ ಬೆರಳಿಗೆ ಆರೈಕೆ ಮಾಡುತ್ತ ಇದ್ದಳು. ನಡೆಯಬಾರದ್ದು ಎಂದು ಸಮಾಜ ಹೇಳುವಂಥದ್ದೇನೂ ನಡೆಯಲಿಲ್ಲ, ಆದರೆ ತನ್ನ ಮದುವೆಯ ನಿಜವನ್ನು ಎಫಿ ಅವನಿಗೆ ಹೇಳಿಕೊಂಡಳು.

1854ರ ಏಪ್ರಿಲ್ 25ರಂದು ಎಫಿ ತವರಿಗೆ ಹೋಗುವ ನೆಪದಲ್ಲಿ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿದಳು. ಆ ಸಂಜೆ ರಸ್ಕಿನ್ ಮನೆಗೆ ತಲುಪಿದ ಪೊಟ್ಟಣದಲ್ಲಿ ಅವಳ ಮದುವೆಯ ಉಂಗುರ, ಮನೆಯ ಬೀಗದ ಕೈ ಗೊಂಚಲು, ಮನೆಖರ್ಚಿನ ಲೆಕ್ಕದ ಪುಸ್ತಕ ಇದ್ದವು. ಲೆಕ್ಕದ ಪುಸ್ತಕವನ್ನೂ ಒಪ್ಪಿಸಿ ಹೋದ ಹೆಣ್ಣು! ಮುಂದೆ ಇದೇ ಕೈ ಮಿಲೇಯ ವ್ಯವಹಾರ ನೋಡಿಕೊಂಡಿತು ಎಂಬುದನ್ನು ಮರೆಯಬಾರದು. ಜುಲೈನಲ್ಲಿ ಚರ್ಚಿನ ನ್ಯಾಯಾಲಯ, ಗಂಡನ ಗುಣವಾಗದ ನಪುಂಸಕತ್ವದ ಕಾರಣ ಕೊಟ್ಟು, ಮದುವೆ ಆಗಿಯೇ ಇರಲಿಲ್ಲವೆಂದು ತೀರ್ಮಾನಿಸಿತು. ವಿಚಿತ್ರವೆಂದರೆ ಈ ರಂಪದ ನಡುವೆಯೂ ಮಿಲೇ ಭಾವಚಿತ್ರದ ಕೆಲಸ ಬಿಡುವ ಹಾಗಿರಲಿಲ್ಲ. ಒಪ್ಪಿಕೊಂಡದ್ದು ಒಪ್ಪಿಕೊಂಡದ್ದೇ. ತಾನು ಪ್ರೀತಿಸಿದವಳ ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡು ಅವನ ಮುಖ ಬರೆದ; ಬಂಡೆಗಳನ್ನು ಮುಗಿಸಲು ಒಬ್ಬನೇ ಮತ್ತೆ ಗ್ಲೆನ್‌ಫಿನ್ಲಾಸಿಗೆ ಹೋದ. ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಕಲ್ಲು, ಹಾವಸೆ, ನೀರಿನ ನೊರೆ ಎಲ್ಲಕ್ಕೂ ಜೀವವಿದೆ. ನಡುವೆ ನಿಂತ ರಸ್ಕಿನ್ ನಮ್ಮನ್ನು ನೋಡುತ್ತಿಲ್ಲ, ಅಂದರೆ ಬರೆಯುತ್ತಿದ್ದವನನ್ನೂ ನೋಡುತ್ತಿಲ್ಲ. 1855ರ ಜುಲೈ 3ರಂದು ಪರ್ತ್‌ನಲ್ಲಿ, ಎಫಿಯ ತವರುಮನೆಯಲ್ಲಿ, ಅವಳಿಗೂ ಮಿಲೇಗೂ ಮದುವೆಯಾಯಿತು.

ಕಾನೂನಿನ ಪ್ರಕಾರ ಎಫಿ ನಿರ್ದೋಷಿ. ಆದರೆ ಅರಮನೆಯ ಲೆಕ್ಕ ಬೇರೆ. ಮೊದಲ ಗಂಡ ಬದುಕಿರುವಾಗಲೇ ಎರಡನೆಯವನನ್ನು ಕಟ್ಟಿಕೊಂಡ ಹೆಂಗಸು ರಾಣಿಯ ಎದುರಿಗೆ ಬರುವಂತಿಲ್ಲ. ರಸ್ಕಿನ್‌ನ ಹೆಂಡತಿಯಾಗಿ ಒಮ್ಮೆ ಆಸ್ಥಾನಕ್ಕೆ ಹೋಗಿ ಬಂದಿದ್ದವಳಿಗೆ ಮಿಲೇಯ ಹೆಂಡತಿಯಾದ ಮೇಲೆ ಆ ಬಾಗಿಲು ಮುಚ್ಚಿತು. ಆಗಿನ ಲಂಡನ್ನಿನಲ್ಲಿ ಇದು ಬರೀ ಮನಸ್ಸಿನ ನೋವಿನ ವಿಷಯವಲ್ಲ. ಭಾವಚಿತ್ರಕಾರನ ಗಿರಾಕಿಗಳು ಬರುವುದೇ ಆಸ್ಥಾನದ ಸುತ್ತಮುತ್ತಲಿನ ಮನೆಗಳಿಂದ.

ಮಕ್ಕಳು ಒಂದಾದ ಮೇಲೊಂದು ಎಂಟು ಹುಟ್ಟಿದವು. ಐದು ಶಿಲ್ಲಿಂಗ್ ನಾಣ್ಯದಷ್ಟು ಜಾಗವನ್ನು ತುಂಬಲು ದಿನವಿಡೀ ಕೂರುವುದು ಸಂಸಾರಸ್ಥನಿಗೆ ಕಟ್ಟದು ಎಂಬ ಮಾತು ಮಿಲೇಯ ಹೆಸರಿನಲ್ಲಿದೆ. ಪತ್ರಿಕೆಗಳಿಗೆ, ಆಂಟನಿ ಟ್ರೊಲಪ್‌ನ ಕಾದಂಬರಿಗಳಿಗೆ ಚಿತ್ರ ಬರೆದುಕೊಟ್ಟ; ಒಳ್ಳೆಯ ಚಿತ್ರಗಳೇ ಅವು. ಬಣ್ಣದ ಕೆಲಸದಲ್ಲಿ ಕುಂಚ ಅಗಲವಾಯಿತು, ಕೈ ವೇಗವಾಯಿತು. 1857ರ ಪ್ರದರ್ಶನದ ಅವನ ಚಿತ್ರ ನೋಡಿ ರಸ್ಕಿನ್, ಇದು ಬರೀ ಕುಸಿತವಲ್ಲ, ದುರಂತ ಎಂಬರ್ಥದಲ್ಲಿ ಬರೆದ. ಹೆಂಡತಿ ಬಿಟ್ಟುಹೋದವನ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವಂತಿಲ್ಲ. ಆ ವರ್ಷದ ಚಿತ್ರ ನಿಜಕ್ಕೂ ಚೆನ್ನಾಗಿರಲಿಲ್ಲ. ಆದರೆ ಹೊಳೆದಂಡೆಯಲ್ಲಿ ಒಂದೊಂದು ಎಲೆಯನ್ನೂ ಬಿಡದೆ ನೋಡಿದ ಕಣ್ಣು ಕುರುಡಾಯಿತೆಂದು ನನಗೆ ಅನ್ನಿಸುವುದಿಲ್ಲ. ಅದು ನೋಡುವ ಜಾಗ ಕಿರಿದಾಯಿತು, ಅಷ್ಟೆ. ಕೆನ್ನೆ, ಹುಬ್ಬು, ಬೆರಳು, ತುಟಿಯ ಅಂಚು. ಉಳಿದದ್ದನ್ನು ಬೀಸಿ ಬರೆದ.

1863ರಲ್ಲಿ ಅಕಾಡೆಮಿಯ ಪೂರ್ಣ ಸದಸ್ಯನಾದ. ಆದರೂ ದೊಡ್ಡಮನೆಗಳ ಬಾಗಿಲು ಹಾಕಿಕೊಳ್ಳದಂತೆ ತೆರೆದದ್ದು 1872ರ 'ಹಾರ್ಟ್ಸ್ ಆರ್ ಟ್ರಂಪ್ಸ್'. ಆರ್ಮ್‌ಸ್ಟ್ರಾಂಗ್ ಮನೆತನದ ಮೂವರು ಅಕ್ಕತಂಗಿಯರು ಇಸ್ಪೀಟು ಆಡುತ್ತ ಕುಳಿತ ಚಿತ್ರ ಅದು. ನೂರು ವರ್ಷ ಹಿಂದೆ ಚಿತ್ರಕಾರ ರೆನಾಲ್ಡ್ಸ್ ಬರೆದಿದ್ದ ಮೂವರು ವಾಲ್ಡ್‌ಗ್ರೇವ್ ಸೋದರಿಯರಂಥ ಚಿತ್ರ ಮಿಲೇ ಕೈಯಲ್ಲಿ ಆಗದು ಎಂದು ಯಾರೋ ವಿಮರ್ಶಕ ಬರೆದಿದ್ದನಂತೆ, ಅದಕ್ಕೆ ಇದು ಉತ್ತರ. ಬೂದು ಬಣ್ಣದ, ಗುಲಾಬಿ ರಿಬ್ಬನ್ನಿನ ಉಡುಪುಗಳನ್ನು ಮಿಲೇ ತಾನೇ ಯೋಚಿಸಿ ಹೊಲಿಸಿದ. ಹಿಂದೆ ಅಜೇಲಿಯಾ ಹೂವಿನ ರಾಶಿ, ಪಕ್ಕದಲ್ಲಿ ಪೂರ್ವದೇಶದ ಮಡಿಕೆ ತೆರೆ. ಇಬ್ಬರು ತಮ್ಮ ಎಲೆಗಳ ಗುಂಗಿನಲ್ಲಿದ್ದಾರೆ. ಬಲಗಡೆಯವಳು ಮಾತ್ರ ತನ್ನ ಕೈಯೆಲ್ಲ ತುರುಪನ್ನು ನಮ್ಮ ಕಡೆ ತಿರುಗಿಸಿ, ನೀವೇ ನೋಡಿ ಎಂಬಂತೆ ನೇರ ದಿಟ್ಟಿಸುತ್ತಾಳೆ. ಮದುವೆಯ ಮಾರುಕಟ್ಟೆಯಲ್ಲಿ ಕೂತ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಆಟದ ನಿಯಮ ಗೊತ್ತಿದೆ. ಅದನ್ನು ಕಂಡವನೂ ಗೊತ್ತಿದ್ದವನೇ.

ಫೋಟೋ ಬಂದಿದ್ದ ಕಾಲದಲ್ಲಿ ಇಷ್ಟು ದುಡ್ಡು ಸುರಿದು ಮುಖ ಬರೆಸಿಕೊಳ್ಳುವುದೇಕೆ ಎಂದು ಕೇಳಬಹುದು. ಅಂಗೈಯಗಲದ ಫೋಟೋ ಕಾರ್ಡುಗಳು 1860ರ ಹೊತ್ತಿಗೆ ಪುಟ್ಟ ಭಾವಚಿತ್ರ ಬರೆಯುವವರ ಹೊಟ್ಟೆಯ ಮೇಲೆ ಹೊಡೆದಿದ್ದು ನಿಜ. ಆದರೆ ಗುಮಾಸ್ತನಿಗೂ ಫೋಟೋ ಸಿಗುವಂತಾದಾಗ, ಗುಮಾಸ್ತನಿಗೆ ಸಿಗದಂಥದ್ದೊಂದು ಹಣವಂತರಿಗೆ ಬೇಕಾಯಿತು. ರೈಲು, ಕಲ್ಲಿದ್ದಲು, ಹತ್ತಿಗಿರಣಿ, ಬ್ಯಾಂಕುಗಳಿಂದ ಹೊಸದಾಗಿ ಮೇಲೆ ಬಂದವರ ಊಟದ ಮನೆಯ ಗೋಡೆಗಳಲ್ಲಿ ಅಜ್ಜ ಮುತ್ತಜ್ಜಂದಿರ ಚಿತ್ರಗಳಿರಲಿಲ್ಲ. ತಮ್ಮಿಂದಲೇ ಶುರು ಮಾಡಬೇಕಿತ್ತು. ಮೇ ತಿಂಗಳು ಅಕಾಡೆಮಿಯ ಪ್ರದರ್ಶನದಲ್ಲಿ ಮಿಲೇ ಬರೆದ ಹೆಂಡತಿಯ ಚಿತ್ರ ತೂಗಿದರೆ, ಊರೆಲ್ಲ ನೋಡಿ ಮಾತಾಡಿ, ಆಮೇಲೆ ಅದು ಮನೆಗೆ ಬರುತ್ತಿತ್ತು. ಅರ್ಧ ಬೆಲೆ ಆ ಮಾತಿಗೇ.

ಬೆಲೆಯೂ ಸಣ್ಣದಲ್ಲ. 1880ರ ದಶಕದಲ್ಲಿ ಒಂದು ಭಾವಚಿತ್ರಕ್ಕೆ ಸಾವಿರ ಗಿನಿ. ಗಿನಿಯೆಂದರೆ ಒಂದು ಪೌಂಡಿನ ಮೇಲೆ ಒಂದು ಶಿಲ್ಲಿಂಗ್. ಅಂಗಡಿ ಸಾಮಾನಿಗೆ ಪೌಂಡ್, ವೈದ್ಯ, ವಕೀಲ, ಚಿತ್ರಕಾರರಿಗೆ ಗಿನಿ. ವಾರಕ್ಕೆ ಒಂದು ಪೌಂಡಿನ ಸುತ್ತಮುತ್ತ ದುಡಿಯುತ್ತಿದ್ದ ಲಂಡನ್ನಿನ ಕೂಲಿಯವನಿಗೆ ಇದು ಇಪ್ಪತ್ತು ವರ್ಷದ ಸಂಪಾದನೆ. ಮಿಲೇಯ ಒಳ್ಳೆಯ ವರ್ಷಗಳ ಗಳಿಕೆ 30,000 ಪೌಂಡಿನಷ್ಟಿತ್ತು ಎಂದು ಹೇಳುತ್ತಿದ್ದರು. ಅವನೆದುರು ಕೂರಲು ಬರುತ್ತಿದ್ದ ಪ್ರಧಾನಮಂತ್ರಿಯ ಸಂಬಳ 5,000. ಈ ದುಡ್ಡಿನ ಹಿಂದೆ ಎಫಿಯ ದುಡಿಮೆಯಿತ್ತು. ಪತ್ರವ್ಯವಹಾರ, ಲೆಕ್ಕಪತ್ರ, ಯಾವ ಕಾಲದ ಉಡುಪು ಎಲ್ಲಿ ಸಿಗುತ್ತದೆಂಬ ಹುಡುಕಾಟ, ಬಂದವರನ್ನು ಮಾತಾಡಿಸುವುದು ಎಲ್ಲ ಅವಳ ಪಾಲಿಗೆ.

ಸ್ಟುಡಿಯೊದಲ್ಲಿ ಮಿಲೇ ಕೂರುತ್ತಿರಲಿಲ್ಲ. ಬಂದವರನ್ನು ಎತ್ತರದ ಜಗಲಿಯ ಮೇಲೆ ಕೂರಿಸಿ, ಕ್ಯಾನ್ವಾಸನ್ನು ಅವರ ಪಕ್ಕಕ್ಕೇ ನಿಲ್ಲಿಸಿ, ತಾನು ಹಿಂದೆ ಹಿಂದೆ ಹೋಗಿ ಎರಡನ್ನೂ ಒಟ್ಟಿಗೆ ನೋಡುವನು. ನೋಡಿ, ದಾಪುಗಾಲಿಕ್ಕಿ ಬಂದು ನಾಲ್ಕು ಏಟು ಬಣ್ಣ ಹಚ್ಚಿ, ಮತ್ತೆ ಹಿಂದಕ್ಕೆ. ದಿನಕ್ಕೆ ಎಷ್ಟು ಮೈಲಿ ನಡೆದನೋ. ಬಾಯಲ್ಲಿ ಪೈಪು, ಮಾತಿಗೆ ಬಿಡುವಿಲ್ಲ. ಮೀನು ಹಿಡಿದ ಕಥೆ, ಬೇಟೆಯ ಕಥೆ. ಈ ಹರಟೆಯೂ ಕಸುಬಿನ ಭಾಗವೇ ಆಗಿತ್ತು. 1879ರಲ್ಲಿ ಲೂಯಿಸ್ ಜಾಪ್ಲಿಂಗ್ ಅವನೆದುರು ಕುಳಿತಳು. ಅವಳೂ ವೃತ್ತಿಯಿಂದ ಚಿತ್ರಕಾರ್ತಿ, ಮುಖಕ್ಕೆ ಯಾವ ಭಾವ ತಂದುಕೊಂಡರೆ ಚೆನ್ನ ಎಂದು ಬಲ್ಲವಳು. ಸೊಗಸಾದ ಮುಖಭಾವವೊಂದನ್ನು ಸಿದ್ಧಮಾಡಿಕೊಂಡೇ ಕುಳಿತಿದ್ದಳಂತೆ. ಮಿಲೇ ಮಾತಿಗೆಳೆದ, ಮಾತಿನ ಭರದಲ್ಲಿ ಅವಳು ತನ್ನ ಮುಖವನ್ನು ಮರೆತಳು, ಮರೆತ ಮುಖ ಕ್ಯಾನ್ವಾಸಿಗೆ ಬಂತು. ಕಸೂತಿಯ ಕಪ್ಪು ಉಡುಪು, ಹಿಂದಕ್ಕೆ ಕಟ್ಟಿದ ಕೈ, ತುಸು ಎತ್ತಿದ ಗದ್ದ. ನಿನಗೇನು ಬೇಕಾಗಿತ್ತು ಎಂದು ಕೇಳುವ ಹಾಗಿದ್ದಾಳೆ. ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿ ಇದೇ ಮಿಲೇ ಬರೆದ ಪ್ರಧಾನಿಗಳ ಚಿತ್ರಗಳಿಗಿಂತ ಇದರಲ್ಲಿ ಹೆಚ್ಚು ಉಸಿರಿದೆ ಎನ್ನುವುದು ನನ್ನ ಅಭಿಪ್ರಾಯ. ನಾಲ್ಕು ವರ್ಷ ಕಳೆದು ಜಾಪ್ಲಿಂಗ್‌ಗೆ 150 ಗಿನಿಗೆ ಬರಬೇಕಿದ್ದ ಭಾವಚಿತ್ರದ ಕೆಲಸವೊಂದು ಅವಳ ಕೈತಪ್ಪಿತು. ಗಿರಾಕಿ ಅದನ್ನು ಮಿಲೇಗೆ ವಹಿಸಿದ, 1,000 ಗಿನಿಗೆ.

ಸುಂದರಿಯರ ಚಿತ್ರಗಳೆಲ್ಲ ಇಷ್ಟು ಗಟ್ಟಿಯಾಗಿಲ್ಲ. ಜರ್ಸಿ ದ್ವೀಪದಿಂದ ಬಂದು ಲಂಡನ್ನಿನ ನಿದ್ದೆಗೆಡಿಸಿದ್ದ ಲಿಲಿ ಲ್ಯಾಂಗ್‌ಟ್ರಿಯನ್ನು ತನ್ನೂರಿನವಳೆಂಬ ಅಭಿಮಾನದಿಂದ 1878ರಲ್ಲಿ ಬರೆದ. ಏನೋ ಭಾರಿ ವೇಷ ಹಾಕಿಸುತ್ತಾನೆಂದು ಆಸೆಪಟ್ಟು ಬಂದವಳನ್ನು ಅವಳ ಮಾಮೂಲಿ ಕಪ್ಪು ಬಟ್ಟೆಯಲ್ಲೇ ನಿಲ್ಲಿಸಿ, ಕೈಗೊಂದು ಕೆಂಪು ಲಿಲಿ ಹೂ ಕೊಟ್ಟ. ಚಿತ್ರದ ಹೆಸರು 'ಜರ್ಸಿಯ ಲಿಲಿ'. ಹೂ ಮಾತ್ರ ಪಕ್ಕದ ಗರ್ನ್‌ಸಿ ದ್ವೀಪದ ಹೆಸರಿನದು. ಪ್ರದರ್ಶನದಲ್ಲಿ ಜನ ಮೈಮೇಲೆ ಬೀಳದಂತೆ ಹಗ್ಗ ಕಟ್ಟಿದರು. ಜನ ನೋಡಲು ಬಂದದ್ದು ವೇಲ್ಸ್ ರಾಜಕುಮಾರನ ಪ್ರೇಯಸಿಯನ್ನು. ಚಿತ್ರ ಶಾಂತವಾಗಿದೆ, ಸ್ವಲ್ಪ ಸಪ್ಪೆಯಾಗಿಯೂ ಇದೆ.

ಮುದುಕರ ಮುಖ ಸಿಕ್ಕಾಗ ಅವನ ಕೈಗೆ ಕಳೆ ಬರುತ್ತಿತ್ತು. ಕಾರ್ಲೈಲನ ಚಿತ್ರ ಅರ್ಧಕ್ಕೇ ನಿಂತಿತು, ಆದರೆ ಆ ಗಂಟುಮೋರೆಗೆ ಮುಕ್ತಾಯ ಬೇಕೆಂದು ಅನ್ನಿಸುವುದೇ ಇಲ್ಲ. 1914ರಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಒಬ್ಬಳು ಕಟುಕರ ಕತ್ತಿಯಿಂದ ಅದಕ್ಕೆ ಏಟು ಹಾಕಿದಳು. ಕವಿ ಟೆನಿಸನ್, ಧರ್ಮಗುರು ಕಾರ್ಡಿನಲ್ ನ್ಯೂಮನ್, ರಾಜಕಾರಣಿಗಳಾದ ಜಾನ್ ಬ್ರೈಟ್, ಸ್ಯಾಲಿಸ್ಬರಿ ಎಲ್ಲರೂ ಬಂದು ಕುಳಿತರು. 1879ರಲ್ಲಿ ಹಿಂದೆ ಪ್ರಧಾನಿಯಾಗಿದ್ದ ಗ್ಲ್ಯಾಡ್‌ಸ್ಟನ್ ಬಂದ. ಅವನ ರಾಜಕೀಯ ವೈರಿ ಡಿಸ್ರೇಲಿ 1881ರ ಮಾರ್ಚಿನಲ್ಲಿ. ಡಿಸ್ರೇಲಿಗೆ ಆಗಲೇ ಮೈ ಸರಿಯಿರಲಿಲ್ಲ. ಏಪ್ರಿಲ್ 19ರಂದು ತೀರಿಕೊಂಡ, ಚಿತ್ರ ಪೂರ್ತಿಯಾಗಿರಲಿಲ್ಲ. ತನ್ನ ನೆಚ್ಚಿನ ಮಂತ್ರಿಯ ಚಿತ್ರ ಆ ವರ್ಷದ ಪ್ರದರ್ಶನದಲ್ಲಿ ಇರಲೇಬೇಕೆಂದು ರಾಣಿ ಬಯಸಿದ್ದರಿಂದ ಅದು ಸೂತಕದ ಕಪ್ಪು ಬಟ್ಟೆಯ ಜೊತೆ ಅಲ್ಲಿ ನಿಂತಿತು. ಅದಕ್ಕೂ ಮುಂಚೆ, 1870ರ ಜೂನ್‌ನಲ್ಲಿ, ಡಿಕನ್ಸ್ ಸತ್ತ ಮರುದಿನ ಅವನ ಮನೆಯಿಂದ ಮಿಲೇಗೆ ಕರೆ ಬಂದಿತ್ತು. ಹೆಣದ ಪಕ್ಕ ಕೂತು ಮಿಲೇ ಪೆನ್ಸಿಲಿನಲ್ಲಿ ಬರೆದುಕೊಂಡ ರೇಖಾಚಿತ್ರದಲ್ಲಿ ದವಡೆ ಜಾರದಂತೆ ಕಟ್ಟಿದ ಪಟ್ಟಿಯೂ ಇದೆ. ಇಪ್ಪತ್ತು ವರ್ಷ ಹಿಂದೆ ಕುರೂಪ ಬರೆಯುತ್ತಾನೆಂದು ತನ್ನನ್ನು ಜರೆದವನ ಮುಖವನ್ನು ಅವನು ಅಂದ ಮಾಡಲೂ ಇಲ್ಲ, ಕೆಡಿಸಲೂ ಇಲ್ಲ. ಚಿತ್ರ ಡಿಕನ್ಸ್‌ನ ಮಗಳ ಪಾಲಿಗೆ ಹೋಯಿತು.

1885ರಲ್ಲಿ ಗ್ಲ್ಯಾಡ್‌ಸ್ಟನ್ ಸರ್ಕಾರ ಮಿಲೇಗೆ ಬ್ಯಾರನೆಟ್ ಪದವಿ ಕೊಟ್ಟಿತು, ಮಗನಿಗೂ ಮೊಮ್ಮಗನಿಗೂ ಇಳಿದು ಬರುವಂಥದ್ದು. ಇಂಗ್ಲೆಂಡಿನ ಚಿತ್ರಕಾರನೊಬ್ಬನಿಗೆ ಅಂಥ ಗೌರವ ಅದೇ ಮೊದಲು. ಚಿತ್ರಕಾರ ಜಿ. ಎಫ್. ವಾಟ್ಸ್‌ಗೂ ಜೊತೆಗೇ ಕೇಳಿದ್ದರು, ಅವನು ಬೇಡವೆಂದ. ಮಿಲೇಗೆ ಬೇಡವೆನ್ನುವ ಶೋಕಿಯಿರಲಿಲ್ಲ. ಎಫಿ ಈಗ ಲೇಡಿ ಮಿಲೇ. ಆದರೂ ರಾಣಿಯೆದುರು ಹೋಗುವಂತಿರಲಿಲ್ಲ. ಮೂರು ವರ್ಷ ಹಿಂದೆ ತನ್ನ ಮೊಮ್ಮಗಳು ಮೇರಿಯ ಚಿತ್ರವನ್ನು ಇದೇ ಮಿಲೇಯಿಂದ ಬರೆಸಿಕೊಂಡಿದ್ದಳು ವಿಕ್ಟೋರಿಯಾ. ಗಂಡನ ಕೈ ಬೇಕು, ಹೆಂಡತಿಯ ಮುಖ ಬೇಡ.

ಅವನನ್ನು ಮನೆಮಾತಾಗಿಸಿದ ಚಿತ್ರ ಬೇರೆಯೇ. ಮೊಮ್ಮಗ ವಿಲ್ಲಿ ಜೇಮ್ಸ್, ಗುಂಗುರು ಕೂದಲಿನ ಪೋರ, ಕೊಳವೆಯಲ್ಲಿ ಸೋಪಿನ ಗುಳ್ಳೆ ಊದಿ ಮೇಲೆ ನೋಡುತ್ತಿರುವುದನ್ನು 1886ರಲ್ಲಿ ಬರೆದ. ನಿಜವಾದ ಗುಳ್ಳೆ ನಿಲ್ಲುವುದಿಲ್ಲವೆಂದು ಗಾಜಿನ ಗೋಲಿ ಮಾಡಿಸಿ ಅದನ್ನು ನೋಡಿ ಬರೆದ. ಹಳೆಯ ಪ್ರಿ-ರಫಾಯಲೈಟ್ ಚಾಳಿ ಅಲ್ಲಿ ಉಳಿದಿತ್ತು. ಪತ್ರಿಕೆಯೊಂದರ ಮಾಲೀಕ ಕೊಂಡ. ಅವನಿಂದ ಪೇರ್ಸ್ ಸೋಪಿನ ಥಾಮಸ್ ಬ್ಯಾರಟ್ 2,200 ಪೌಂಡಿಗೆ, ಮುದ್ರಿಸುವ ಹಕ್ಕಿನ ಸಮೇತ ಕೊಂಡು, ಹುಡುಗನ ಕಾಲ ಬಳಿ ಒಂದು ಬಿಲ್ಲೆ ಸೋಪು ಸೇರಿಸಿ ಜಾಹೀರಾತು ಮಾಡಿದ. ಹಕ್ಕು ಮಾರಿಯಾದ ಮೇಲೆ ತಡೆಯುವಂತಿರಲಿಲ್ಲ. ಮಿಲೇ ಸಿಡಿಮಿಡಿಗೊಂಡ, ಆಮೇಲೆ ಮುದ್ರಣ ಚೆನ್ನಾಗಿದೆಯೆಂದು ಒಪ್ಪಿಕೊಂಡ. ಸೋಪಿಗೆ ಚಿತ್ರ ಬರೆದವನೆಂಬ ಹೆಸರು ಮಾತ್ರ ಅಂಟಿತು. 1895ರಲ್ಲಿ ಮರಿ ಕೊರೆಲಿ ತನ್ನ ಕಾದಂಬರಿಯಲ್ಲಿ ಅದನ್ನು ಚುಚ್ಚಿದಾಗ, ನಾನು ಬರೆದದ್ದು ಜಾಹೀರಾತಿಗಲ್ಲ ಎಂದು ಮಿಲೇ ಪತ್ರ ಬರೆದು ತಿಳಿಹೇಳಬೇಕಾಯಿತು. ವಿಲ್ಲಿ ದೊಡ್ಡವನಾಗಿ ನೌಕಾಪಡೆ ಸೇರಿ ಅಡ್ಮಿರಲ್ ಆದ. ಅಡ್ಮಿರಲ್ ಆದ ಮೇಲೂ ಅವನಿಗೆ 'ಬಬಲ್ಸ್' ಎಂಬ ಹೆಸರು ತಪ್ಪಲಿಲ್ಲ.

ಬೇಸಿಗೆ ಕಳೆಯುತ್ತಿದ್ದಂತೆ ಲಂಡನ್ನಿಗೆ ಬೆನ್ನು ಹಾಕಿ ಸ್ಕಾಟ್ಲೆಂಡಿಗೆ ಹೋಗುವುದು ರೂಢಿ. ಸಾಲ್ಮನ್ ಮೀನು, ಕೋವಿ, ನಡುವೆ ತನಗಾಗಿ ಬರೆದ ಭೂದೃಶ್ಯಗಳು. ಟೇ ನದಿಯ ದಂಡೆಯ ಜೊಂಡನ್ನು ಬರೆದ 1870ರ 'ಚಿಲ್ ಅಕ್ಟೋಬರ್' ಅನ್ನು ವ್ಯಾನ್ ಗೋ ಬಹಳ ಮೆಚ್ಚಿದ್ದ ಎಂಬುದನ್ನು ಮಿಲೇಯನ್ನು ಹೀಗಳೆಯುವವರು ಗಮನಿಸುವುದಿಲ್ಲ.

1896ರ ಫೆಬ್ರವರಿಯಲ್ಲಿ ಅವನನ್ನು ರಾಯಲ್ ಅಕಾಡೆಮಿಯ ಅಧ್ಯಕ್ಷನನ್ನಾಗಿ ಆರಿಸಿದರು. ಹನ್ನೊಂದರ ಹುಡುಗನಾಗಿ ಹೊಕ್ಕ ಮನೆಯ ಯಜಮಾನಿಕೆ ಸಿಕ್ಕಾಗ ಗಂಟಲ ಕ್ಯಾನ್ಸರ್ ಅವನ ದನಿಯನ್ನು ನುಂಗುತ್ತಿತ್ತು. ಕೆಲವೇ ತಿಂಗಳಲ್ಲಿ ಉಸಿರಾಟಕ್ಕೆ ಗಂಟಲು ಕೊಯ್ಯಬೇಕಾಯಿತು, ಮಾತು ನಿಂತಿತು. ನಿನಗೆ ನನ್ನಿಂದ ಏನಾದರೂ ಆಗಬೇಕೇ ಎಂದು ರಾಣಿ ಹೇಳಿಕಳಿಸಿದಳು. ಮಿಲೇ ಬರೆದು ತೋರಿಸಿದ: ತಾವು ನನ್ನ ಹೆಂಡತಿಯನ್ನು ಕಾಣಬೇಕು. ರಾಣಿಯ ಮಗಳು ಲೂಯಿಸ್, ತಾನೂ ಶಿಲ್ಪ ಕಲಿತವಳು, ನಡುವೆ ನಿಂತು ಓಡಾಡಿದಳು. ಜುಲೈ ಮೊದಲ ವಾರ ವಿಂಡ್ಸರ್ ಅರಮನೆಯಲ್ಲಿ ಅರುವತ್ತೆಂಟರ ಎಫಿಯನ್ನು ಎಪ್ಪತ್ತೇಳರ ರಾಣಿ ಬರಮಾಡಿಕೊಂಡಳು. ಮದುವೆಯಾಗಿ ನಲವತ್ತೊಂದು ವರ್ಷವಾಗಿತ್ತು. ಆಗಸ್ಟ್ 13ರಂದು ಮಿಲೇ ಸತ್ತ. ಸೇಂಟ್ ಪಾಲ್ಸ್ ಕತೀಡ್ರಲಿನಲ್ಲಿ ಹೂಳಿದರು. ಶವಪೆಟ್ಟಿಗೆಯ ಜೊತೆ ನಡೆದವರಲ್ಲಿ ಗೋವರ್ ಸ್ಟ್ರೀಟಿನ ಗೆಳೆಯ ಹೋಲ್ಮನ್ ಹಂಟ್ ಇದ್ದ.

ಗಿರಾಕಿಗಳು ಕಾಯಲಿಲ್ಲ. ಪ್ಯಾರಿಸಿನಲ್ಲಿ ಒಂದು ಭಾವಚಿತ್ರದಿಂದ ಹೆಸರು ಕೆಡಿಸಿಕೊಂಡು ಹತ್ತು ವರ್ಷ ಹಿಂದೆಯೇ ಲಂಡನ್ನಿಗೆ ಬಂದಿದ್ದ ಅಮೆರಿಕದ ಜಾನ್ ಸಿಂಗರ್ ಸಾರ್ಜೆಂಟ್ 1897ರಲ್ಲಿ ಅಕಾಡೆಮಿಯ ಪೂರ್ಣ ಸದಸ್ಯನಾದ, ದೊಡ್ಡಮನೆಗಳ ಸಾಲು ಅವನ ಬಾಗಿಲಿಗೆ ತಿರುಗಿತು. ಅವನು 1907ರ ಹೊತ್ತಿಗೆ ಈ ಕಸುಬೇ ಸಾಕಪ್ಪಾ ಎಂದು ಭಾವಚಿತ್ರಗಳನ್ನು ಒಪ್ಪಿಕೊಳ್ಳುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟ. ಅವನಿಗದು ಕಷ್ಟವಾಗಲಿಲ್ಲ, ಸಾರ್ಜೆಂಟ್ ಮದುವೆಯಾಗಿರಲಿಲ್ಲ.